ಬಾ ಸಾವ್

ಬಾಗಿಲು ಮತ್ತೆ ತಾನಾಗಿಯೇ ತೆರೆದುಕೊಂಡಿತು, ಯಾರೂ ಒಳಗೆ ಬರಲಿಲ್ಲ, ಮಾರ್ಚಿನ ಚಳಿಯೊಂದು ಬಂದು ನನ್ನ ಸೀರೆಯ ಅಂಚನ್ನು ಎತ್ತಿ ನೋಡಿ ಹೋಯಿತು, ಗಾಜಿನ ಕದಗಳೆರಡೂ ತೆರೆದೇ ನಿಂತು, ಬರಬೇಕಾದವರು ಬಂದಾಯಿತು ಎಂಬಂತೆ ನಿಧಾನವಾಗಿ ಮುಚ್ಚಿಕೊಂಡವು, ಸೆನ್ಸರ್ ಕೆಟ್ಟಿರಬೇಕು ಎಂದು ಪಕ್ಕದ ಕುರ್ಚಿಯ ಹೆಂಗಸು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು, ನಾನೂ ನಕ್ಕೆ, ಇರಬಹುದು, ಕೆಟ್ಟಿರಬಹುದು, ಆದರೆ ಅದು ತೆರೆದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತ ಲಿನ್‌ಳ ಕೈ ಹೊಟ್ಟೆಯ ಮೇಲೆ ಹೋಗುತ್ತದೆ, ತುಂಬು ಬಸುರಿ ಲಿನ್, ಬಾ ಸಾವ್ ಅವರ ಮೊಮ್ಮಗಳು, ಇಂದೋ ನಾಳೆಯೋ ಎನ್ನುವ ಹಾಗಿದ್ದಾಳೆ, ಮನೆಯಲ್ಲಿರು ಎಂದರೆ ಕೇಳಲಿಲ್ಲವಂತೆ, ಅಜ್ಜಿಯ ಹೆಸರು ಕರೆಯುವ ದಿನ ನಾನಿಲ್ಲದಿದ್ದರೆ ಹೇಗೆ ಅಂದಳಂತೆ, ಹಾಗೆಂದು ಫೋನಿನಲ್ಲಿ ಹೇಳಿದ್ದು ಅವಳ ಅಮ್ಮ ಹಾಯ್, ಅಗೋ ವೇದಿಕೆಯ ಮೇಲೆ ಮೈಕು ಹಿಡಿದು ನಿಂತಿದ್ದಾಳೆ, ಬೂದು ರೇಷ್ಮೆಯ ಉದ್ದ ನಿಲುವಂಗಿ, ಕತ್ತಿನವರೆಗೆ ಗುಂಡಿ, ಕಿವಿಯ ಹಿಂದೆ ನರೆಗೂದಲು. ಅವಳ ಹಿಂದಿನ ಪರದೆಯ ಮೇಲೆ ಆನೆ ಏರಿದ ಅಕ್ಕತಂಗಿಯರ ಚಿತ್ರ — ಎರಡು ಸಾವಿರ ವರ್ಷದ ಹಿಂದಿನವರು ಹೇಮಾ, ಚೀನೀ ಅಧಿಕಾರಿಯನ್ನು ಓಡಿಸಿ ರಾಜ್ಯ ಆಳಿದವರು, ಕೊನೆಗೆ ಸೋತಾಗ ಕೈಗೆ ಸಿಗಬಾರದೆಂದು ನದಿಗೆ ಹಾರಿದರು, ನಮ್ಮ ಹೆಂಗಸರ ದಿನ ಅವರ ಹೆಸರಿನಲ್ಲೇ ನಡೆಯುವುದು, ಈ ಸಲ ಅಮ್ಮನನ್ನು ನೆನೆಯುತ್ತೇವೆ, ನೀವು ಬಂದು ಎರಡು ಮಾತು ಹೇಳಬೇಕು, ಅಂದಿದ್ದಳು ಹಾಯ್ ಅದೇ ಫೋನಿನಲ್ಲಿ. ನದಿಗೆ ಹಾರಿದವರು. ಇವರ ಕಥೆಗಳಲ್ಲೆಲ್ಲ ಕೊನೆಗೆ ನೀರೇ ಬರುತ್ತದೆ.

ಮಿಸ್ಸಿಸಾಗಾದ ಈ ಕಮ್ಯುನಿಟಿ ಸೆಂಟರಿನ ಹಾಲಿನಲ್ಲಿ ಇಷ್ಟೊಂದು ರೇಷ್ಮೆ, ಅರಿಸಿನ, ಕೆಂಪು, ಮಾವಿನ ಚಿಗುರಿನ ಬಣ್ಣ, ಹೆಸರು ಕರೆದಾಗ ಒಬ್ಬೊಬ್ಬರೇ ಹೋಗಿ ಹೂವು ತೆಗೆದುಕೊಳ್ಳುತ್ತಿದ್ದಾರೆ, ಬಂದ ಹೊಸತರಲ್ಲಿ ಫ್ಯಾಕ್ಟರಿಯಲ್ಲಿ ಕೋಟು ಹೊಲಿದು ಆಮೇಲೆ ಊರಿನ ಹೆಣ್ಣುಮಕ್ಕಳಿಗೆಲ್ಲ ಹೊಲಿಗೆ ಕಲಿಸಿದವಳು, ಉಗುರಿನ ಪಾರ್ಲರಿನಲ್ಲಿ ಕೆಮ್ಮುತ್ತಾ ದುಡಿದು ಕೊನೆಗೆ ಅಲ್ಲಿನ ಗಾಳಿ ಶುದ್ಧವಿರಬೇಕೆಂದು ಹೋರಾಡಿದವಳು, ಹೊಸದಾಗಿ ಬಂದ ಸಿರಿಯಾದವರಿಗೆ ಮನೆ ಬಾಗಿಲು ತೆರೆದವಳು, ನಮ್ಮನ್ನೂ ಯಾರೋ ಹಾಗೆ ಕರೆದುಕೊಂಡರಲ್ಲ ಅಂದಳು ಆ ಮುದುಕಿ, ಹೂವನ್ನು ಕಂಕುಳಲ್ಲಿ ಹಿಡಿದು, ಮಗುವನ್ನು ಹಿಡಿದಂತೆ. ಬಾ ಸಾವ್ ಹೋಗಬೇಕಿತ್ತು ಆ ಮೆಟ್ಟಿಲು ಹತ್ತಿ, ಚಪ್ಪಲಿ ಎಳೆಯುತ್ತಾ. ಹೋದ ಅಕ್ಟೋಬರಿನಲ್ಲಿ ನಿದ್ದೆಯಲ್ಲೇ ಹೋದರು. ಈಗ ಅವರ ಫೋಟೋ ಒಂದು ಕುರ್ಚಿಯ ಮೇಲಿದೆ, ಮುಂದೆ ಬಟ್ಟಲಲ್ಲಿ ಅನ್ನ, ಊದುಕಡ್ಡಿ ಹಚ್ಚಲು ಸೆಂಟರಿನವರು ಬಿಟ್ಟಿಲ್ಲ, ಹಚ್ಚದ ಕಡ್ಡಿಯನ್ನೇ ಚುಚ್ಚಿದ್ದಾರೆ.

ಹನ್ನೊಂದು ವರ್ಷದ ಹಿಂದೆ, ಆ ಹೆಸರು ಮೊದಲ ಸಲ ಕೇಳಿ ಅತ್ತೆ ಬೆಚ್ಚಿಬಿದ್ದದ್ದು. ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿ ನಾವು ಆಗಿದ್ದ ಕಟ್ಟಡ, ಕಾರಿಡಾರಿನಲ್ಲಿ ಯಾವಾಗಲೂ ಯಾರದೋ ಮನೆಯ ಒಗ್ಗರಣೆ, ಎದುರು ಮನೆಯ ಮುದುಕಿ ಲಿಫ್ಟಿನಲ್ಲಿ ನನ್ನ ಹೊಟ್ಟೆ ನೋಡಿ ಗರ್ಲ್ ಅಂದಿದ್ದರು, ನಾನು ಹೆಸರು ಕೇಳಿದ್ದೆ, ಬಾ ಸಾವ್, ಬಾ ಅಂದರೆ ಅಜ್ಜಿ, ಸಾವ್ ಅಂದರೆ ಆರು, ಅವರ ಊರಿನ ಕಡೆ ಮಕ್ಕಳನ್ನು ಹುಟ್ಟಿದ ಸಾಲಿನ ಎಣಿಕೆಯಲ್ಲೇ ಕರೆಯುತ್ತಾರಂತೆ, ನಾನು ಅದನ್ನೇ ಬಂದು ಹೇಳಿದರೆ ಅತ್ತೆ ನಿಂಗವ್ವ ಗದಗದಿಂದ ಬಾಣಂತನಕ್ಕೆಂದು ಬಂದವರು ಲಟ್ಟಣಿಗೆ ಕೆಳಗಿಟ್ಟು ಎದೆ ಮುಟ್ಟಿಕೊಂಡರು — ಏನಂದಿ? ಬಾ ಸಾವ? ಬಾಗ್ಲಾಗ ನಿಂತು ಸಾವನ್ನ ಕರೀತಿಯೇನವಾ, ಎರಡು ಜೀವದಾಕಿ ನೀನು! ಅಯ್ಯೋ ಅತ್ತೆ, ಅದು ಅವರ ಹೆಸರು, ಆರು ಅಂತ ಅರ್ಥ. ಆರಂದ್ರ ಆರವ್ವ ಅನ್ನು, ಆ ಹೆಸರ ಮಾತ್ರ ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ. ನನ್ನ ಗಂಡ ಪ್ರಮೋದ ನಕ್ಕಿದ್ದ, ಅವ್ವಾ ಆಕಿ ಮೊದಲು ಅವರ ದೇಶದಾಗ ಸೂಲಗಿತ್ತಿ ಇದ್ಲಂತ, ಹುಟ್ಟಿಸಾಕಿ ಬೇ ಆಕಿ, ಸಾಯಿಸಾಕಿ ಅಲ್ಲ. ಹಾಗಂದರೂ ಆರವ್ವನೇ ಆದರು. ಒಬ್ಬರಿಗೆ ಕನ್ನಡ ಬಿಟ್ಟು ಬೇರೇನೂ ಬಾರದು, ಇನ್ನೊಬ್ಬರಿಗೆ ಮುರುಕು ಇಂಗ್ಲಿಷು, ಆದರೂ ಲಾಂಡ್ರಿ ರೂಮಿನಲ್ಲಿ ಇಬ್ಬರೂ ಬಟ್ಟೆ ಒಣಗುವ ತನಕ ಕೂತು ಮಾತಾಡುತ್ತಿದ್ದರು, ಏನು ಮಾತಾಡಿದಿರಿ ಅಂದರೆ ಬಾಣಂತಿ ಕಿವಿಗೆ ಹತ್ತಿ ಇಡಬೇಕು ಅಂತಾಳ ಆರವ್ವ, ತಣ್ಣೀರು ಮುಟ್ಟಬಾರದಂತ, ಶುಂಠಿ ಮೆಣಸು ಹಾಕಬೇಕಂತ, ಎಲ್ಲಾ ನಮ್ಮ ಪದ್ಧತೀನ ಐತಿ — ಯಾವ ಭಾಷೆಯಲ್ಲಿ ಹೇಳಿದರು ಅತ್ತೆ? ಯಾವ ಭಾಷಾ ಅಂದ್ರ? ಬಾಯಿಲೆ ಹೇಳಿದ್ಲು.

ಆಮೇಲೆ ಆ ಡಿಸೆಂಬರು. ಮಳೆ ಬೀಳುತ್ತಲೇ ಮಂಜುಗಡ್ಡೆಯಾಗಿ ಊರನ್ನೆಲ್ಲ ಗಾಜಿನೊಳಗೆ ಇಟ್ಟುಬಿಟ್ಟಿತ್ತು, ಕೊಂಬೆಗಳು ತೂಕ ತಾಳದೆ ಮುರಿಯುತ್ತಿದ್ದವು, ಪಟ್ ಎಂದು, ಬೆರಳು ಮುರಿದಂತೆ, ಕರೆಂಟು ಹೋಗಿತ್ತು, ಲಿಫ್ಟು ನಿಂತಿತ್ತು, ಪ್ರಮೋದ ಓಕ್‌ವಿಲ್ಲಿನ ಕಾರು ಫ್ಯಾಕ್ಟರಿಗೆ ಶಿಫ್ಟಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ, ಟ್ರೇನಿಲ್ಲ, ರಸ್ತೆಯಿಲ್ಲ, ಮಧ್ಯಾಹ್ನದ ಊಟ ಮುಗಿಸಿ ಏಳುವಾಗ ಕಾಲ ಸಂದಿಯಿಂದ ನೀರು ಹೋಗತೊಡಗಿತು, ಇನ್ನೂ ಮೂರು ವಾರ ಇತ್ತು, ಇಷ್ಟು ಬೇಗ ಬೇಡ, ಈಗ ಬೇಡ, ಬೇಡ ಎಂದರೆ ಯಾರು ಕೇಳುತ್ತಾರೆ, ನೋವು ಬೆನ್ನಿನಿಂದ ಹೊರಟು ಹೊಟ್ಟೆಯನ್ನು ಹಿಂಡಿ ನಿಂತಿತು. ಆಂಬುಲೆನ್ಸಿಗೆ ಫೋನು, ಬರುತ್ತಿದ್ದೇವೆ ಮೇಡಂ, ಮರಗಳು ಬಿದ್ದಿವೆ, ತಡವಾಗಬಹುದು, ಫೋನು ಇಡಬೇಡಿ ಎನ್ನುತ್ತಿದ್ದ ಹಾಗೆ ಫೋನೇ ಸತ್ತಿತು. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಬಾಗಿಲು ತೆಗೆದರು, ಕಾರಿಡಾರಿನ ಕತ್ತಲು, ಹಗಲಲ್ಲೂ ಅಲ್ಲಿ ಕತ್ತಲೇ, ಕಿಟಕಿಯಿಲ್ಲ, ಗೋಡೆ ತಡವುತ್ತಾ ಹೋದರು, ಎದುರು ಬಾಗಿಲು ಬಡಿದರು, ಆರವ್ವಾ, ಆರವ್ವಾ, ಯಾರೂ ಓ ಎನ್ನಲಿಲ್ಲ, ಯಾರು ಎನ್ನುತ್ತಾರೆ, ಅವರಿಗೆ ಆರವ್ವ ಎನ್ನುವುದು ತಮ್ಮ ಹೆಸರೆಂದು ಎಲ್ಲಿ ಗೊತ್ತು, ನನಗೆ ಮತ್ತೊಂದು ನೋವು ಬಂದು ನಾನು ಕೂಗಿಕೊಂಡೆ, ಆಗ ಕೇಳಿಸಿತು, ಆ ಕತ್ತಲಿನ ಉದ್ದಕ್ಕೂ, ಅತ್ತೆಯ ಗಂಟಲು ಸೀಳಿ ಹೊರಬಂದ ಹೆಸರು — ಬಾ ಸಾವ್! ಬಾ ಸಾವ್! ಬಾ! ಒಂದೊಂದೇ ಬಾಗಿಲಿನ ಹಿಂದೆ ಮಾತುಗಳು ನಿಂತುಹೋದವು. ಆಮೇಲೆ ಚಪ್ಪಲಿ ಎಳೆಯುವ ಸದ್ದು, ನಿಧಾನ, ನಮ್ಮ ಬಾಗಿಲ ಕಡೆಗೆ.

ಬೇಬಿ ಕಮಿಂಗ್, ನೋ ಹಾಸ್ಪಿಟಲ್, ಹಿಯರ್. ಅಷ್ಟೇ ಅಂದರು. ಕೈ ತೊಳೆದರು, ಗ್ಯಾಸಿಲ್ಲದ ಮನೆಯಲ್ಲಿ ಬಿಸಿನೀರು ಎಲ್ಲಿಂದ, ಫ್ಲಾಸ್ಕಿನ ನೀರಿನಲ್ಲೇ, ಮೊಣಕೈವರೆಗೆ, ಕತ್ತರಿಯನ್ನು ಅತ್ತೆಯ ಹಣತೆಯ ಉರಿಗೆ ಹಿಡಿದರು. ಕಿಟಕಿಯ ಗಾಜಿನ ಮೇಲೆ ಮಂಜುಗಡ್ಡೆ ಕಟ್ಟಿ ಒಳಗೆ ಬಂದ ಬೆಳಕು ಹಸಿರಾಗಿತ್ತು, ನೀರಿನ ತಳದಲ್ಲಿ ಇರುತ್ತದಲ್ಲ ಹಾಗೆ, ಅತ್ತೆ ತಲೆಯ ಕಡೆ, ಬಾ ಸಾವ್ ಕಾಲ ಕಡೆ, ತಿಣಕವಾ ಇನ್ನೊಮ್ಮೆ, ಪುಶ್, ಪುಶ್, ಎರಡು ಭಾಷೆಗಳು ನನ್ನ ಮೈಯ ಎರಡು ತುದಿಯಲ್ಲಿ, ಮತ್ತು ಬಾಗಿಲು. ಅತ್ತೆ ಒಳಗೆ ಬಂದು ಮುಚ್ಚಿ ಚಿಲಕ ಹಾಕಿದ್ದನ್ನು ನಾನೇ ನೋಡಿದ್ದೆ. ಅದು ತೆರೆದಿತ್ತು. ಉಪ್ಪಿನ ವಾಸನೆ ಬಂತು, ಈ ಊರಿನ ಲೇಕಿಗೆ ಉಪ್ಪಿಲ್ಲ, ಚಳಿಗಾಲಕ್ಕೆ ರಸ್ತೆಗೆ ಎರಚುವ ಉಪ್ಪಿಗೆ ವಾಸನೆಯಿಲ್ಲ, ಇದು ಮಲ್ಪೆಯಲ್ಲಿ ಚಿಕ್ಕವಳಿದ್ದಾಗ ಮೂಗಿಗೆ ಹೊಕ್ಕ ಸಮುದ್ರ, ಹಸಿ, ಆಳದ್ದು. ಬಾ ಸಾವ್ ತಲೆಯೆತ್ತಿ ನನ್ನನ್ನು ದಾಟಿ ಬಾಗಿಲ ಕಡೆ ನೋಡಿದರು, ಏನೋ ಅಂದರು, ತಮ್ಮ ಭಾಷೆಯಲ್ಲಿ, ಮೊದಲು ಮೆಲ್ಲಗೆ, ಬಂಧುಗಳ ಜೊತೆ ಮಾತಾಡುವಂತೆ, ಆಮೇಲೆ ಗದರಿ. ಅತ್ತೆಯೂ ಅತ್ತಲೇ ನೋಡಿದರು. ನೋಡಿ, ಕುಂಡ್ರಬೇ ಅಲ್ಲೇ, ಗಡಬಡಿಸಬ್ಯಾಡ ಅಂದರು. ಯಾರಿಗೆ? ಯಾರಿಗೆ ಅತ್ತೆ? ನನ್ನ ಕಣ್ಣಿಗೆ ಖಾಲಿ ಹೊಸ್ತಿಲು, ಅದರಾಚೆ ಕಾರಿಡಾರಿನ ಕತ್ತಲು, ಮತ್ತೆ ನೋವು, ನಾನು ಎರಡಾಗಿ ಸೀಳಿಹೋದೆ, ಬೆಚ್ಚಗಿನದೊಂದು ಜಾರಿ ಹೊರಗೆ ಹೋಯಿತು.

ಅಳಲಿಲ್ಲ. ಮಗು ಅಳಲಿಲ್ಲ. ಬಾ ಸಾವ್ ಅದರ ಬೆನ್ನು ಉಜ್ಜುತ್ತಿದ್ದಾರೆ, ಬಾಯೊಳಗೆ ಬೆರಳು ಹಾಕಿ ತೆಗೆಯುತ್ತಿದ್ದಾರೆ, ತಲೆಕೆಳಗು ಮಾಡುತ್ತಿದ್ದಾರೆ, ಮಗು ನೇರಳೆ, ಪೂರ್ತಿ ನೇರಳೆ, ಹೊರಗೆ ಕೊಂಬೆ ಮುರಿಯುತ್ತಿದೆ, ಪಟ್, ಮತ್ತೊಂದು, ಪಟ್, ಯಾಕೆ ಅಳುತ್ತಿಲ್ಲ ಅತ್ತೆ, ಮಗು ಯಾಕೆ ಅಳುತ್ತಿಲ್ಲ, ಅತ್ತೆ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದರು, ನೋಡಬ್ಯಾಡ. ನೋಡಿದೆ. ಬಾ ಸಾವ್ ಮಗುವಿನ ಮೂಗುಬಾಯಿಗೆ ತಮ್ಮ ಬಾಯಿ ಇಟ್ಟು ಊದಿದರು, ಚಿಕ್ಕದಾಗಿ, ಸೊಡರು ಆರದ ಹಾಗೆ, ತಲೆಯೆತ್ತಿ ಬಾಗಿಲ ಕಡೆ ತಿರುಗಿ ಅದೇ ಮಾತು ಅಂದರು, ಮತ್ತೆ ಊದಿದರು, ಮತ್ತೆ ಅದೇ ಮಾತು, ಈ ಸಲ ಗದರಲಿಲ್ಲ, ಬೇಡಿಕೊಂಡರು, ಭಾಷೆ ಬಾರದ ನನಗೂ ಅಷ್ಟು ತಿಳಿಯಿತು, ಅತ್ತೆ ಕೂಡ ಕೈಮುಗಿದು ಬಾಗಿಲಿಗೆ ಅಂದರು, ಬಿಡಬೇ ತಂಗೀ, ಇದು ನಿಂದಲ್ಲ, ಬಿಡು. ವಾಸನೆ ಹೋಯಿತು. ಸಮುದ್ರ ಒಮ್ಮೆಗೇ ಹಿಂದಕ್ಕೆ ಸರಿದ ಹಾಗೆ. ನನ್ನ ಸಂಜನಾ ಕೆಮ್ಮಿದಳು, ಆಮೇಲೆ ಅತ್ತಳು, ಆ ಅಳು, ಬೆಕ್ಕಿನ ಮರಿಯ ಅಳು, ಅದನ್ನು ಕೇಳಿ ಕಾರಿಡಾರಿನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು, ಯಾರೋ ಉರ್ದುವಿನಲ್ಲಿ ದೇವರನ್ನು ಕರೆದರು, ಯಾರೋ ಟಾರ್ಚು ತಂದರು, ಕೊನೆಗೆ ಆಂಬುಲೆನ್ಸಿನವರು ಅಷ್ಟೂ ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದಾಗ ಹೊಕ್ಕುಳಬಳ್ಳಿ ಕಟ್ಟಿಯಾಗಿತ್ತು, ಮಾಸು ಬಿದ್ದಿತ್ತು, ಮಗು ಎದೆ ಕಚ್ಚಿತ್ತು. ಹೊಸ್ತಿಲಲ್ಲಿ ನೀರು ನಿಂತಿದೆ, ಜಾರೀರಿ ಜೋಕೆ, ಅಂದ ಅವರಲ್ಲೊಬ್ಬ.

ಬಾಣಂತನದ ಬಿಸಿಯಲ್ಲಿ, ಲೋಬಾನದ ಹೊಗೆಯಲ್ಲಿ, ತಲೆಗೆ ಸ್ಕಾರ್ಫು ಬಿಗಿದುಕೊಂಡು ಮಲಗಿದ್ದಾಗ ಅತ್ತೆ ಕೇಳಿದ್ದರು, ಆವತ್ತು ಬಾಗ್ಲಾಗ ನಿಂತಿದ್ಲಲ್ಲ, ಸಣ್ಣ ವಯಸ್ಸಿನಾಕಿ, ಮೈಯೆಲ್ಲ ತೊಯ್ದಿತ್ತು ಪಾಪ, ಆಕಿ ಆರವ್ವನ ಪೈಕಿಯಾಕೀನ ಏನು? ಅಲ್ಲಿ ಯಾರೂ ಇರಲಿಲ್ಲ ಅತ್ತೆ. ಇದ್ಲವಾ. ಅಷ್ಟೇ, ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ, ಗದಗಕ್ಕೆ ಹೊರಟ ದಿನ ಎದುರು ಬಾಗಿಲ ಮುಂದೆ ನಿಂತು ಇಬ್ಬರೂ ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದು ಅತ್ತರು, ಅತ್ತೆ ಮೊದಲ ಸಲ ನಗುತ್ತಾ ಅದೇ ಹೆಸರು ಹಿಡಿದು ಕರೆದರು. ಆ ಮಾತು ಮತ್ತೆ ಎತ್ತಿದವಳು ನಾನು. ಬೇಸಿಗೆಯಲ್ಲಿ, ಬಾಲ್ಕನಿಯಲ್ಲಿ, ಬಾ ಸಾವ್ ಸಂಜನಾಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಾಗ ಕೇಳಿದೆ, ಆ ದಿನ ಯಾರ ಜೊತೆ ಮಾತಾಡಿದಿರಿ. ಅವರು ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಮುರುಕು ಇಂಗ್ಲಿಷಿನಲ್ಲಿ, ಕೈಯಲ್ಲಿ, ಕಣ್ಣಲ್ಲಿ ಹೇಳಿದರು — ಯುದ್ಧ ಮುಗಿದ ಮೇಲೆ ದೇಶ ಬಿಟ್ಟು ಓಡಿದೆವು, ಬೋಟು, ಚಿಕ್ಕ ಬೋಟು, ಮೀನಿನದು, ಜನ ಒಬ್ಬರ ಮೇಲೊಬ್ಬರು, ನೀರು ಮುಗಿದಿತ್ತು, ಒಬ್ಬ ಹುಡುಗಿಗೆ ಹೆರಿಗೆ, ಗಂಡ ಜೈಲಿನಲ್ಲಿ, ಅವಳೊಬ್ಬಳೇ ಹೊರಟು ಬಂದಿದ್ದಳು, ಮಗು ಬಂತು, ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ, ನಾನು ಮಗುವಿನ ಬಾಯಿ ಒರೆಸುತ್ತಿದ್ದೆ, ತಿರುಗುವಷ್ಟರಲ್ಲಿ ಅವಳ ಕಣ್ಣು ನಿಂತಿತ್ತು, ಮಗುವಿನ ಮುಖ ಸಹ ನೋಡಲಿಲ್ಲ, ಬೆಳಗಾಗುವ ಮೊದಲೇ ಅವಳನ್ನು ಸಮುದ್ರಕ್ಕೆ ಬಿಟ್ಟೆವು. ಆಮೇಲೆ ಮಲೇಶಿಯಾದ ದ್ವೀಪದಲ್ಲಿ, ಶಿಬಿರದಲ್ಲಿ, ಹೆರಿಗೆ ಮಾಡಿಸಲು ಹೋದಲ್ಲೆಲ್ಲ ಅವಳು ಬರತೊಡಗಿದಳು, ಕೆಟ್ಟವಳಲ್ಲ, ಕೇಡು ಬಯಸುವುದಿಲ್ಲ, ಹುಟ್ಟಿದ ಕೂಸೆಲ್ಲ ತನ್ನದು ಅಂದುಕೊಳ್ಳುತ್ತಾಳೆ, ಎತ್ತಿಕೊಳ್ಳಲು ಬರುತ್ತಾಳೆ, ಪ್ರತಿ ಸಲ ನಾನು ಹೇಳಬೇಕು, ಇದಲ್ಲ, ನಿನ್ನದು ಬೆಳೆದಿದೆ, ನನ್ನ ಹತ್ತಿರ ಚೆನ್ನಾಗಿದೆ, ಹೋಗು. ಎಷ್ಟೋ ಮಕ್ಕಳು, ಎಷ್ಟೋ ಸಲ. ಸಂಜನಾಳ ಕಾಲಿಗೆ ಎಣ್ಣೆ, ಬೆರಳಿಗೆ ಎಣ್ಣೆ. ಆ ಮಗು? ಅಂದೆ, ಕೇಳುವ ಮೊದಲೇ ಗೊತ್ತಾಗಿಹೋಗಿತ್ತು. ಹಾಯ್, ಅಂದರು. ಸಮುದ್ರ ಅಂತ ಅರ್ಥ. ಅವಳಿಗೆ ಬೋಟಿನಲ್ಲಿ ಹುಟ್ಟಿದೆ ಅಂತ ಗೊತ್ತು, ಯಾರ ಹೊಟ್ಟೆಯಲ್ಲಿ ಅಂತ ಗೊತ್ತಿಲ್ಲ, ಹೇಳಲು ನನಗೆ ಬಾಯಿಲ್ಲ. ನಿನಗೆ ಯಾಕೆ ಹೇಳಿದೆ ಗೊತ್ತಾ, ನಿನ್ನ ಮಗಳನ್ನು ಅವಳು ಎತ್ತಿಕೊಂಡೇಬಿಟ್ಟಿದ್ದಳು, ಅದಕ್ಕೆ.

ಗಾಜಿನ ಬಾಗಿಲು ಮತ್ತೆ ತೆರೆಯಿತು. ಯಾರೂ ಇಲ್ಲ. ಈ ಸಲ ಮುಚ್ಚಿಕೊಳ್ಳುತ್ತಿಲ್ಲ. ಉಪ್ಪು — ಇಲ್ಲ, ಅದು ಹಿಂದಿನ ಮೇಜಿನ ಮೀನಿನ ಸಾಸು, ಊಟ ಬಿಸಿ ಮಾಡುತ್ತಿದ್ದಾರೆ, ಅದೇ ಇರಬೇಕು, ಅಲ್ಲ, ಇದು ಹಸಿ, ಆಳದ್ದು, ಹನ್ನೊಂದು ಚಳಿಗಾಲ ಕಳೆದರೂ ಮೂಗು ಮರೆತಿಲ್ಲ. ಲಿನ್ ಎರಡೂ ಕೈಯಿಂದ ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿದ್ದಾಳೆ, ಮುಖ ಸುಣ್ಣ, ಗಂಡ ಬಗ್ಗಿ ಏನೋ ಕೇಳುತ್ತಿದ್ದಾನೆ, ಗೊತ್ತಾಗ್ತಿಲ್ಲ, ಒಳಗೆ ಅಲುಗಾಡ್ತಿಲ್ಲ, ಅವಳ ಬಾಯಿಂದ ಆ ಮಾತು ನನಗೆ ಕೇಳಿಸಿತೋ ಕಾಣಿಸಿತೋ, ಈಗ ಹೇಳುವವರು ಯಾರೂ ಇಲ್ಲವಲ್ಲ, ಇದಲ್ಲ ಹೋಗು ಅನ್ನುವವರು ಫೋಟೋದೊಳಗೆ ಹೋದರಲ್ಲ, ಮತ್ತೆ ಬೋಟಿನ ಆ ಹುಡುಗಿಗೆ ಈ ಕೂಸು ನಿಂದಲ್ಲ ಎಂದು ಹೇಗೆ ಹೇಳುವುದು, ಇದು ಅವಳ ಮಗಳ ಮಗಳ ಕೂಸು, ರಕ್ತದ್ದೇ, ಹತ್ತಿರದ್ದೇ — ಹಾಯ್ ನನ್ನ ಹೆಸರು ಕರೆದಳು. ಚಪ್ಪಾಳೆ. ಹೇಮಶ್ರೀ, ಅಮ್ಮನ ಎದುರು ಮನೆಯವರು, ಅವರ ಮಗಳು ಅಮ್ಮನ ಕೈಯಲ್ಲೇ ಹುಟ್ಟಿದ್ದು. ಸಂಜನಾ ನನ್ನ ಬೆನ್ನು ತಳ್ಳಿದಳು, ಗೋ ಅಮ್ಮಾ. ಮೆಟ್ಟಿಲು, ದೀಪ, ಮೈಕಿನ ತಣ್ಣಗಿನ ಕಬ್ಬಿಣ. ಯೋಚಿಸಿಟ್ಟ ಇಂಗ್ಲಿಷು ಎಲ್ಲಾ ಇತ್ತು ನಾಲಗೆಯ ಮೇಲೆ, ನಮ್ಮ ಕಟ್ಟಡದ ಎಷ್ಟು ತಾಯಂದಿರಿಗೆ ಗಂಜಿ ಕುಡಿಸಿದರು, ಯಾರ ಮಕ್ಕಳಿಗೆ ಎಣ್ಣೆ ಹಚ್ಚಿದರು, ದೇಶ ಕಳೆದುಕೊಂಡವರು ನಮಗೆಲ್ಲ ತವರಾದರು ಅಂತ, ಬಾಯಿ ತೆರೆದೆ, ಬಂದದ್ದು ಕನ್ನಡ. ಈ ಹಾಲಿನಲ್ಲಿ ಸಂಜನಾಳನ್ನು ಬಿಟ್ಟು ಒಬ್ಬರಿಗೂ ತಿಳಿಯದು, ಇನ್ನೊಬ್ಬಳಿಗೆ ತಿಳಿಯುತ್ತದೆ, ಅತ್ತೆ ಅಂದದ್ದು ಅವತ್ತು ತಿಳಿದಿರಲಿಲ್ಲವೇ. ತೆರೆದ ಬಾಗಿಲಿಗೆ ಹೇಳಿದೆ, ತಂಗೀ, ಬಂದಿದೀಯಾ, ಗೊತ್ತು ನನಗೆ. ಆ ಬಸುರೀನ ಬಿಡಮ್ಮಾ. ನೀನು ಹುಡುಕ್ತಿರೋ ಕೂಸು ಅಲ್ಲಿಲ್ಲ. ಇಲ್ಲಿದೆ ನೋಡು, ನನ್ನ ಪಕ್ಕದಲ್ಲೇ, ಬೂದು ರೇಷ್ಮೆ ತೊಟ್ಕೊಂಡು ನಿಂತಿದಾಳಲ್ಲ ಇವಳು, ಇವಳೇ ನಿನ್ನ ಮಗಳು. ನಿನಗಿಂತ ದೊಡ್ಡವಳಾಗಿಬಿಟ್ಟಿದಾಳೆ, ಅದಕ್ಕೇ ನಿನಗೆ ಗುರುತು ಸಿಕ್ಕಿಲ್ಲ. ಬಾ ಸಾವ್ ಅವರು ಇವಳನ್ನ ಚೆನ್ನಾಗಿ ಸಾಕಿದ್ರು. ಬಂದು ನೋಡ್ಕೋ. ನೋಡ್ಕೊಂಡು ಹೋಗು.

ಭಾಷೆ ತಿಳಿಯದವರು ಗೌರವದಿಂದ ತಲೆ ತಗ್ಗಿಸಿದ್ದಾರೆ, ಪ್ರಾರ್ಥನೆ ಅಂದುಕೊಂಡಿರಬೇಕು, ಸಂಜನಾ ಮಾತ್ರ ಕುರ್ಚಿಯಿಂದ ಅರ್ಧ ಎದ್ದಿದ್ದಾಳೆ, ಅಮ್ಮಾ, ಹೂ ಆರ್ ಯು ಟಾಕಿಂಗ್ ಟು? ಲಿನ್ ನೆಟ್ಟಗಾದಳು, ದೊಡ್ಡ ಉಸಿರು ಬಿಟ್ಟಳು, ಒದ್ದಳು ನೋಡು, ಒದ್ದಳು ಎಂದು ಗಂಡನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು, ಅವಳ ತುಟಿಗೆ ಬಣ್ಣ ಬಂತು, ಬಾಗಿಲು ಮುಚ್ಚಿಕೊಂಡಿತು, ಅಬ್ಬ, ಆಯಿತು, ಹೋದಳು ಎಂದುಕೊಂಡೆ, ಆದರೆ ಆ ಚಳಿ ಹೋಗಲಿಲ್ಲ, ಕುರ್ಚಿಗಳ ನಡುವಿನ ದಾರಿಯಲ್ಲಿ ಬರುತ್ತಿದೆ, ಅತ್ತ ಇತ್ತ ಕೂತವರು ಒಬ್ಬರ ನಂತರ ಒಬ್ಬರು ಶಾಲು ಎಳೆದುಕೊಳ್ಳುತ್ತಿದ್ದಾರೆ, ಸಾಲು ಸಾಲಾಗಿ, ಹತ್ತಿರ, ಇನ್ನೂ ಹತ್ತಿರ, ಮೆಟ್ಟಿಲು, ನನ್ನ ಮೊಣಕೈ ಸವರಿಕೊಂಡು ದಾಟಿತು, ನನ್ನನ್ನಲ್ಲ ಅದಕ್ಕೆ ಬೇಕಾದ್ದು. ನೀವೇನು ಹೇಳಿದಿರಿ ಹೇಮಾ, ಹಾಯ್ ಮೆಲ್ಲಗೆ ಕೇಳಿದಳು, ಕೇಳಿದವಳು ನಿಂತಳು, ಮಾತು ಮರೆತವಳ ಹಾಗೆ, ಯಾರೋ ಹಿಂದಿನಿಂದ ಕರೆದಂತೆ ತಲೆ ಓರೆ ಮಾಡಿದಳು, ಕಣ್ಣು ಮುಚ್ಚಿದಳು, ಅವಳ ಮುಖ, ಅಷ್ಟು ವರ್ಷದ ಮುಖ, ಎಳೆ ಕೂಸಿನ ಮುಖದ ಹಾಗೆ ಸಡಿಲವಾಯಿತು, ಅಮ್ಮ ಅಂದಳು, ಅವರ ಭಾಷೆಯಲ್ಲಿ ಅದು ಮಾ, ಅಷ್ಟು ತಿಳಿಯುತ್ತದೆ ನನಗೆ, ಫೋಟೋದ ಕಡೆ ತಿರುಗಿ ಅನ್ನಲಿಲ್ಲ, ಖಾಲಿ ಗಾಳಿಗೆ ಅಂದಳು, ಮತ್ತು ಅವಳ ಎಡ ಹೆಗಲ ಮೇಲೆ, ಒಣ ಬೂದು ರೇಷ್ಮೆಯ ಮೇಲೆ, ಮೊದಲು ಒಂದು ಕಪ್ಪು ಚುಕ್ಕೆ, ಆಮೇಲೆ ಪಕ್ಕದಲ್ಲಿ ಇನ್ನೊಂದು, ನೀರು, ಒಂದು ಅಂಗೈಯ ಆಕಾರ, ಚಿಕ್ಕ ಅಂಗೈ, ಹುಡುಗಿಯದು, ಐದು ಬೆರಳು, ರೇಷ್ಮೆಯ ಮೇಲೆ ಐದು ಬೆರಳಿನ ಒದ್ದೆ, ಒತ್ತಿ ಹಿಡಿದಿದೆ, ಬಿಡುತ್ತಿಲ್ಲ, ಐದು ಬೆರಳು, ಒದ್ದೆ —